ಮಿಶಿಗನ್ ಎದುರು ಸೋತವರು ಚಾಂಪಿಯನ್ ಹೇಗಾದರು? ಒಹಾಯೊ ಸ್ಟೇಟ್ ಫುಟ್‌ಬಾಲ್ ಗೊತ್ತಿರುವವರು ದಯವಿಟ್ಟು ಹೇಳಿ

ಸರಸ್ವತಿಪುರಂ_ರಾಯರು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಬ್ಯಾಂಕಿನಿಂದ ನಿವೃತ್ತನಾದವನು. ಅಕ್ಟೋಬರ್ ಕೊನೆಯಿಂದ ನಾನೂ ನಮ್ಮ ಮನೆಯವರೂ ಮಗಳ ಮನೆಯಲ್ಲಿದ್ದೇವೆ. ಊರು ಡಬ್ಲಿನ್. ಐರ್ಲೆಂಡಿನದಲ್ಲ, ಒಹಾಯೊದ್ದು, ಕೊಲಂಬಸ್ ಪಕ್ಕ.

ಅಳಿಯಂದಿರು ಒಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಮಾಡಿದವರು. ತುಂಬಾ ಸಾಧು ಮನುಷ್ಯ. ಆದರೆ ಆ ಯೂನಿವರ್ಸಿಟಿ ತಂಡದ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಇರುವ ಶನಿವಾರ ಮಾತ್ರ ಅವರನ್ನು ಮಾತಾಡಿಸುವ ಹಾಗಿಲ್ಲ. 2024ರ ನವೆಂಬರ್ 30ಕ್ಕೆ ಪಕ್ಕದ ರಾಜ್ಯದ ಮಿಶಿಗನ್ ಯೂನಿವರ್ಸಿಟಿ ಜೊತೆ ಆಟ ಇತ್ತು. 13-10ಕ್ಕೆ ಸೋತರು. ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ. ನಮ್ಮ ಮನೆಯವರು ಗಾಬರಿಯಾಗಿ, ಆಫೀಸಿನಲ್ಲಿ ಏನಾದರೂ ತೊಂದರೆಯೇ ಅಂತ ಮಗಳನ್ನು ಕೇಳಿದರು.

ಆಮೇಲೆ ನೋಡಿದರೆ ಅದೇ ತಂಡ ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟರ್ ಡೇಮ್ ತಂಡವನ್ನು 34-23ರಲ್ಲಿ ಸೋಲಿಸಿ ಇಡೀ ದೇಶಕ್ಕೇ ಚಾಂಪಿಯನ್ ಆಯಿತು! ಮನೆ ತುಂಬ ಸ್ನೇಹಿತರು, ಕೂಗಾಟ, ಕುಣಿತ. ನಾನೂ ಎದ್ದು ಚಪ್ಪಾಳೆ ತಟ್ಟಿದೆ. ಎಲ್ಲಾ ಮುಗಿದು ಬಿಸಿಬೇಳೆಬಾತ್ ಬಡಿಸಿಕೊಳ್ಳುವಾಗ ಒಬ್ಬ ಹುಡುಗ "ಏನೇ ಆಗಲಿ, ಮಿಶಿಗನ್ ಹತ್ರ ಸೋತುಬಿಟ್ವಲ್ಲ" ಅಂದ. ಅಷ್ಟೇ. ಎಲ್ಲರ ಮುಖವೂ ಇಳಿದು ಹೋಯಿತು.

ಇದೇನು ವಿಚಿತ್ರ? ಐಪಿಎಲ್ ಕಪ್ ಗೆದ್ದವರು ಲೀಗಿನಲ್ಲಿ ಯಾರಿಗೆ ಸೋತಿದ್ದರು ಅಂತ ಯಾರಾದರೂ ಲೆಕ್ಕ ಇಡ್ತಾರಾ? ಅಳಿಯಂದಿರನ್ನೇ ಕೇಳೋಣ ಅಂದರೆ ಗಾಯದ ಮೇಲೆ ಕೈ ಇಟ್ಟ ಹಾಗೆ ಆಗುತ್ತೆ. ಎರಡು ಸಲ ಸೋತ ತಂಡ ಮೊದಲ ಸ್ಥಾನಕ್ಕೆ ಹೇಗೆ ಬಂತು, ಬಂದ ಮೇಲೂ ಈ ಕೊರಗು ಯಾಕೆ? ತಿಳಿದವರು ಹೇಳಿ. ನಾವು ಏಪ್ರಿಲ್ ಮೂರನೇ ವಾರ ಹೊರಡುತ್ತೇವೆ. ಅಷ್ಟರೊಳಗೆ ಒಂದು ಆಟ ಕಣ್ಣಾರೆ ನೋಡಲು ಸಾಧ್ಯವೇ ಅನ್ನುವುದನ್ನೂ ತಿಳಿಸಿ.

ದಾವಣಗೆರೆ_ಟು_ಡಲ್ಲಾಸ್:

ನಮಸ್ಕಾರ ಸರ್. ಮೊದಲ ಪ್ರಶ್ನೆಗೆ ಉತ್ತರ ಸುಲಭ. ಈ ಸಲ ನಿಯಮವೇ ಬದಲಾಯಿತು. 2014ರಿಂದ ಪ್ಲೇಆಫ್‌ಗೆ ನಾಲ್ಕೇ ತಂಡ ಹೋಗ್ತಿದ್ದವು. ಅದಕ್ಕೂ ಮುಂಚೆ ಬರೀ ಎರಡು. 2024ರ ಸೀಸನ್‌ನಿಂದ ಹನ್ನೆರಡು. ಯಾರು ಒಳಗೆ ಅಂತ ಹೇಳೋದು ಒಂದು ಸಮಿತಿ. ನೂರಕ್ಕೂ ಜಾಸ್ತಿ ತಂಡ ಇವೆ, ಒಂದೊಂದು ತಂಡ ಆಡೋದು ಹನ್ನೆರಡು ಆಟ. ಎಲ್ಲರೂ ಎಲ್ಲರ ಜೊತೆ ಆಡೋಕೆ ಆಗಲ್ಲ. ಹಾಗಾಗಿ ಬರೀ ಅಂಕಪಟ್ಟಿ ನೋಡಿ ತೀರ್ಮಾನ ಮಾಡೋಕಾಗಲ್ಲ, ಯಾರ ಎದುರು ಗೆದ್ದರು ಅನ್ನೋದನ್ನೂ ನೋಡ್ತಾರೆ.

ನಿಮ್ಮ ಅಳಿಯನ ತಂಡ 10 ಗೆದ್ದು 2 ಸೋತು ಸಮಿತಿಯ ಪಟ್ಟಿಯಲ್ಲಿ 6ನೆಯದಾಗಿತ್ತು. ಹಳೇ ಲೆಕ್ಕದಲ್ಲಾದರೆ ಮನೇಲಿ ಕೂತು ಟಿವಿ ನೋಡ್ಬೇಕಿತ್ತು. ನಾಲ್ಕು ಕಾನ್ಫರೆನ್ಸ್ (ಯೂನಿವರ್ಸಿಟಿ ತಂಡಗಳ ಗುಂಪು) ಚಾಂಪಿಯನ್‌ಗಳಿಗೆ ಮೇಲಿನ ನಾಲ್ಕು ಜಾಗ ಮೀಸಲಿದ್ದರಿಂದ ಪ್ಲೇಆಫ್‌ನಲ್ಲಿ 8ನೇ ಶ್ರೇಯಾಂಕ ಸಿಕ್ಕಿತು. ಮಜಾ ಏನಪ್ಪಾ ಅಂದ್ರೆ, ಮೊದಲ ಸುತ್ತು ಆಡದೆ ವಿಶ್ರಾಂತಿ ಪಡೆದ ಆ ನಾಲ್ಕೂ ತಂಡಗಳು (ಆರೆಗಾನ್, ಜಾರ್ಜಿಯಾ, ಬೋಯ್ಸಿ ಸ್ಟೇಟ್, ಅರಿಜೋನಾ ಸ್ಟೇಟ್) ತಮ್ಮ ಮೊದಲ ಆಟದಲ್ಲೇ ಸೋತು ಮನೆಗೆ ಹೋದವು.

ಎರಡನೇ ಪ್ರಶ್ನೆಗೆ ಕೊಲಂಬಸ್‌ನವರೇ ಬರಲಿ. ನಾನು ಟೆಕ್ಸಸ್ ಕಡೆಯವನು, ನನಗೆ ನನ್ನದೇ ದುಃಖ ಇದೆ.

ಮಂಜು_ಕೊಲಂಬಸ್:

ರಾಯರೇ, ನಿಮ್ಮ ಅಳಿಯ ಒಬ್ಬರೇ ಅಲ್ಲ. ಈ ಊರಲ್ಲಿ ಬಹಳ ಜನರ ಕತೆ ಅದೇ. ನಾನು ತುಮಕೂರಿನವನು, ಇಲ್ಲಿ ಪಿಎಚ್.ಡಿ. ಮಾಡ್ತಾ ಇದ್ದೀನಿ. ಬಂದ ಹೊಸದರಲ್ಲಿ ನಿಮ್ಮ ಹಾಗೇ ನಗ್ತಿದ್ದೆ. ಈಗ ನಗೋ ಧೈರ್ಯ ಇಲ್ಲ.

ಮಿಶಿಗನ್ ಆಟದ ವಾರ ಕ್ಯಾಂಪಸ್‌ಗೆ ಬಂದು ನೋಡಿದ್ದರೆ ನಿಮಗೇ ಅರ್ಥ ಆಗ್ತಿತ್ತು. ಬೋರ್ಡುಗಳಲ್ಲಿ ಎಲ್ಲೆಲ್ಲಿ ಇಂಗ್ಲಿಷಿನ ಎಂ ಅಕ್ಷರ ಇದೆಯೋ ಅದರ ಮೇಲೆಲ್ಲ ಕೆಂಪು ಟೇಪಿನಲ್ಲಿ ಅಡ್ಡಡ್ಡ ಗುರುತು ಹಾಕಿರ್ತಾರೆ. ಕಟ್ಟಡದ ಹೆಸರು, ದಾರಿ ತೋರಿಸೋ ಫಲಕ, ಯಾವುದನ್ನೂ ಬಿಡಲ್ಲ. ನಮ್ಮ ಲ್ಯಾಬಿನ ಬಾಗಿಲ ಮೇಲೆ ನಮ್ಮೆಲ್ಲರ ಹೆಸರಿನ ಪಟ್ಟಿ ಇದೆ. ಯಾರೋ ಪುಣ್ಯಾತ್ಮರು ನನ್ನ ಹೆಸರಿನ ಎಂ ಮೇಲೂ ಟೇಪ್ ಅಂಟಿಸಿದ್ದರು. ಮಂಜುನಾಥ ಹೋಗಿ ಅಂಜುನಾಥ ಆದೆ. ಶನಿವಾರ ಸಂಜೆ ಹೊತ್ತಿಗೆ ಆ ಹೆಸರೇ ಸರಿ ಅನ್ನಿಸ್ತು ಬಿಡಿ.

ಇಲ್ಲಿನ ಹಳೇ ಕೋಚ್ ವುಡಿ ಹೇಯ್ಸ್ ಮಿಶಿಗನ್ ಅನ್ನೋ ಹೆಸರನ್ನೇ ಬಾಯಲ್ಲಿ ಎತ್ತುತ್ತಿರಲಿಲ್ಲವಂತೆ. "ಉತ್ತರದ ಕಡೆಯ ಆ ತಂಡ" ಅಂತಿದ್ದರು. ಈಗಲೂ ಇಲ್ಲಿ ಅದೇ ರೂಢಿ. ಕಾರಲ್ಲಿ ಪೆಟ್ರೋಲ್ ಮುಗಿಯುತ್ತಾ ಬಂದರೂ ಆ ರಾಜ್ಯದಲ್ಲಿ ಒಂದು ಪೈಸೆ ಖರ್ಚು ಮಾಡಲ್ಲ, ಬೇಕಾದರೆ ಗಡಿ ತನಕ ಕಾರು ತಳ್ತೀನಿ ಅಂದಿದ್ದರು ಅಂತ ಒಂದು ಕತೆ. ನಿಜವೋ ಸುಳ್ಳೋ, ಇಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಗೊತ್ತು.

ಮಿಶಿಗನ್ ಎದುರು ಗೆದ್ದರೆ ಒಹಾಯೊ ಸ್ಟೇಟ್‌ನ ಪ್ರತಿ ಆಟಗಾರನಿಗೂ ಒಂದು ಪುಟ್ಟ ಚಿನ್ನದ ಬಣ್ಣದ ಪ್ಯಾಂಟಿನ ಪದಕ ಕೊಡ್ತಾರೆ. ಹೌದು, ಪ್ಯಾಂಟೇ! ಬೆರಳ ತುದಿಯಷ್ಟು. 1934ರಿಂದ ನಡೆದು ಬಂದ ಪದ್ಧತಿ. ಆಗಿನ ಕೋಚ್ ಫ್ರಾನ್ಸಿಸ್ ಸ್ಮಿಟ್, "ಅವರೂ ನಮ್ಮ ಹಾಗೇ ಒಂದೊಂದು ಕಾಲು ತೂರಿಸಿ ಪ್ಯಾಂಟು ಹಾಕಿಕೊಳ್ಳೋ ಮನುಷ್ಯರೇ" ಅನ್ನೋ ಅರ್ಥದ ಮಾತು ಹೇಳಿದ್ದರಿಂದ ಶುರುವಾದದ್ದು. ಆಡಿ ಬಿಟ್ಟವರು ವಯಸ್ಸಾದ ಮೇಲೂ ಅದನ್ನು ಜೋಪಾನ ಮಾಡಿ ಇಟ್ಟುಕೊಂಡಿರ್ತಾರೆ.

ಈಗ ಕೊರಗು ಎಲ್ಲಿದೆ ನೋಡಿ. ಜ್ಯಾಕ್ ಸಾಯರ್, ಎಮೆಕಾ ಎಗ್ಬುಕಾ, ಟ್ರೆವಿಯಾನ್ ಹೆಂಡರ್ಸನ್ ಇವರೆಲ್ಲ 2021ರಲ್ಲಿ ಸೇರಿದ ಹುಡುಗರು. 2021, 2022, 2023, ಮೂರು ವರ್ಷವೂ ಮಿಶಿಗನ್ ಎದುರು ಸೋತರು. 2023ರ ಸೀಸನ್ ಮುಗಿದಾಗಲೇ ಎನ್‌ಎಫ್‌ಎಲ್‌ಗೆ (ಇಲ್ಲಿನ ವೃತ್ತಿಪರ ಲೀಗ್) ಹೋಗಿ ದುಡ್ಡು ಮಾಡಬಹುದಿತ್ತು. ಹೋಗಲಿಲ್ಲ. ಮಿಶಿಗನ್‌ನ ಒಂದು ಸಲ ಸೋಲಿಸಬೇಕು, ಚಾಂಪಿಯನ್ ಆಗಬೇಕು ಅಂತ ಇನ್ನೊಂದು ವರ್ಷ ಉಳಿದರು. ಎರಡನೆಯದು ಆಯಿತು. ಮೊದಲನೆಯದು ಆಗಲಿಲ್ಲ, ಇನ್ನು ಆಗೋದೂ ಇಲ್ಲ. ಚಾಂಪಿಯನ್ ಉಂಗುರ ಬರುತ್ತೆ. ಆ ಪುಟ್ಟ ಪ್ಯಾಂಟು ಇವರಿಗೆ ಈ ಜನ್ಮದಲ್ಲಿ ಇಲ್ಲ.

ಸೋತ ರೀತಿಗೆ ಹೊಟ್ಟೆ ಇನ್ನೂ ಜಾಸ್ತಿ ಉರಿಯುತ್ತೆ. ಆರೆಗಾನ್ ಎದುರು ಅವರ ಊರಲ್ಲಿ 32-31ಕ್ಕೆ ಸೋತಿದ್ದಕ್ಕೆ ಯಾರೂ ಅಷ್ಟು ಬೇಜಾರು ಮಾಡಿಕೊಳ್ಳಲಿಲ್ಲ. ಅದು ಒಳ್ಳೇ ತಂಡ. ಆ ವರ್ಷದ ಮಿಶಿಗನ್ ಹಾಗಲ್ಲ. ಆರು ಗೆದ್ದು ಐದು ಸೋತು ಬಂದಿತ್ತು. ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸೋವನು) ಇಡೀ ಆಟದಲ್ಲಿ ಎಸೆದು ಗಳಿಸಿದ್ದು 62 ಗಜ, ಜೊತೆಗೆ ಎರಡು ಸಲ ಚೆಂಡನ್ನು ನಮ್ಮವರ ಕೈಗೇ ಕೊಟ್ಟ. ಆಟ ನಡೆದದ್ದು ನಮ್ಮ ಸ್ಟೇಡಿಯಂನಲ್ಲಿ, ಒಂದು ಲಕ್ಷಕ್ಕೂ ಜಾಸ್ತಿ ಜನ. ಇಷ್ಟಾದರೂ ಸೋತರು!

ನಾನು ಅವತ್ತು ಅಲ್ಲೇ ಇದ್ದೆ. ಅರ್ಧ ಆಟಕ್ಕೆ 10-10. ಎರಡನೇ ಅರ್ಧದಲ್ಲಿ ನಮ್ಮವರದ್ದು ಸೊನ್ನೆ. ನಮ್ಮ ಬಳಿ ಜೆರೆಮಯಾ ಸ್ಮಿತ್ ಅಂತ ಹುಡುಗ ಇದ್ದಾನೆ, ಆಗ ಮೊದಲ ವರ್ಷದ ವಿದ್ಯಾರ್ಥಿ, ಎಲ್ಲಿ ಎಸೆದರೂ ಹಿಡೀತಾನೆ. ಆ ಕಡೆ ಎಗ್ಬುಕಾ. ಇಬ್ಬರೂ ಅಂಚಿನಲ್ಲಿ ನಿಂತಿದ್ದಾರೆ, ನಮ್ಮ ಕೋಚ್‌ಗಳು ಮತ್ತೆ ಮತ್ತೆ ಚೆಂಡನ್ನು ನಡುವಿನಿಂದ ನುಗ್ಗಿಸ್ತಾ ಇದ್ದಾರೆ. ಮಿಶಿಗನ್‌ನ ಗಟ್ಟಿ ಜಾಗ ಇದ್ದಿದ್ದೇ ಅಲ್ಲಿ. ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್ ಅಂತ ಇಬ್ಬರು ದೈತ್ಯರು ನಿಂತಿದ್ದರು. ನಮ್ಮ ಲೈನಿನಲ್ಲಿ (ಮುಂದೆ ನಿಂತು ಎದುರಾಳಿಗಳನ್ನು ತಡೆಯೋರ ಸಾಲು) ಆಗಲೇ ಇಬ್ಬರು ಮುಖ್ಯ ಹುಡುಗರು ಗಾಯ ಆಗಿ ಹೊರಗೆ. ನನ್ನ ಪಕ್ಕದಲ್ಲಿ ಒಬ್ಬರು ಅಜ್ಜಿ, ಪ್ರತಿ ಸಲವೂ "ಎಸೀರೋ, ಎಸೀರೋ" ಅಂತ ಕೂಗಿ ಕೂಗಿ ಗಂಟಲು ಕಟ್ಟಿಕೊಂಡರು. ಅವರಿಗೆ ಹೊಳೆದಿದ್ದು ವರ್ಷಕ್ಕೆ ಕೋಟಿ ಡಾಲರ್ ಎಣಿಸೋವರಿಗೆ ಹೊಳೀಲಿಲ್ಲ. ನಮ್ಮ ಕಿಕ್ಕರ್, ಫೀಲ್ಡಿಂಗ್ ಅಂತ ಅವನ ಹೆಸರು, ಎರಡು ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸೋದು) ತಪ್ಪಿಸಿದ, ಎರಡೂ 40 ಗಜದ ಒಳಗಿನವು. ಕೊನೆಗೆ 45 ಸೆಕೆಂಡ್ ಉಳಿದಾಗ ಅವರ ಕಿಕ್ಕರ್ 21 ಗಜದಿಂದ ಒದ್ದು ಆಟ ಮುಗಿಸಿದ.

ಆಮೇಲಿನದು ಟಿವಿಯಲ್ಲಿ ನೀವೂ ನೋಡಿರ್ತೀರಿ. ಮಿಶಿಗನ್ ಹುಡುಗರು ತಮ್ಮ ಧ್ವಜ ತಂದು ಮೈದಾನದ ನಟ್ಟನಡುವೆ ನೆಡೋಕೆ ಹೋದರು, ಸಾಯರ್ ಅದನ್ನು ಕಿತ್ತು ಹರಿದ, ಹೊಡೆದಾಟ ಆಯಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಕಾನ್ಫರೆನ್ಸಿನವರು ಎರಡೂ ಯೂನಿವರ್ಸಿಟಿಗೆ ಒಂದೊಂದು ಲಕ್ಷ ಡಾಲರ್ ದಂಡ ಹಾಕಿದರು.

ಆ ವಾರ ಕೊಲಂಬಸ್‌ನಲ್ಲಿ ಎಲ್ಲಿ ಹೋದರೂ ಒಂದೇ ಮಾತು, ಕೋಚ್ ರಯಾನ್ ಡೇಯನ್ನು ತೆಗೀರಿ. ಮಿಶಿಗನ್ ಎದುರು ಆಗ ಅವರ ಲೆಕ್ಕ ಒಂದು ಗೆಲುವು, ನಾಲ್ಕು ಸೋಲು ಆಗಿತ್ತು. ಬೇರೆಯವರ ಎದುರು ಎಷ್ಟು ಗೆದ್ದರು ಅಂತ ಯಾರೂ ಕೇಳಲ್ಲ. ಜೊತೆಗೆ ದುಡ್ಡಿನ ಮಾತು ಬೇರೆ. ಈಗ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು, ಒಂದು ಯೂನಿವರ್ಸಿಟಿ ಬಿಟ್ಟು ಇನ್ನೊಂದಕ್ಕೂ ಹೋಗಬಹುದು. ಈ ತಂಡ ಕಟ್ಟೋಕೆ ಆದ ಖರ್ಚು ಸುಮಾರು 2 ಕೋಟಿ ಡಾಲರ್ ಅಂತ ಇಲ್ಲಿನ ಕ್ರೀಡಾ ಮುಖ್ಯಸ್ಥ ರಾಸ್ ಬಿಯೋರ್ಕ್ ಅವರೇ ಹೇಳಿದ್ದರು. ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು 170 ಕೋಟಿ ರೂಪಾಯಿ. ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್ ಕ್ಯಾನ್ಸಸ್ ಸ್ಟೇಟ್‌ನಿಂದ ಬಂದವನು, ಕೇಲಬ್ ಡೌನ್ಸ್ ಅಲಬಾಮಾದಿಂದ, ಕ್ವಿನ್‌ಶಾನ್ ಜಡ್ಕಿನ್ಸ್ ಮಿಸಿಸಿಪಿಯಿಂದ. ಇಷ್ಟು ಸುರಿದು 13-10 ಅಂದರೆ ಜನ ಸುಮ್ನೆ ಇರ್ತಾರಾ?

ಇಲ್ಲಿಂದ ಮುಂದಿನದು ನನ್ನ ಸ್ವಂತ ಅಭಿಪ್ರಾಯ, ಒಪ್ಪದಿದ್ದರೂ ಪರವಾಗಿಲ್ಲ. ಆ ಸೋಲೇ ಈ ತಂಡವನ್ನು ಚಾಂಪಿಯನ್ ಮಾಡಿತು. ಗೆದ್ದಿದ್ದರೆ ಮುಂದಿನ ಶನಿವಾರವೇ ಕಾನ್ಫರೆನ್ಸ್ ಫೈನಲ್ ಆಡಬೇಕಿತ್ತು. ಸೋತಿದ್ದಕ್ಕೆ ಮೂರು ವಾರ ಬಿಡುವು ಸಿಕ್ಕಿತು. ಹರಿದು ಹೋಗಿದ್ದ ಲೈನನ್ನು ಹೊಸದಾಗಿ ಕೂರಿಸಿಕೊಂಡರು. ಎಲ್ಲಕ್ಕಿಂತ ಮುಖ್ಯ, ಮೊಂಡುತನ ಬಿಟ್ಟು ಸ್ಮಿತ್ ಕಡೆಗೆ ಚೆಂಡು ಎಸೆಯೋಕೆ ಶುರು ಮಾಡಿದರು. ಡಿಸೆಂಬರ್ 21ರಂದು ಟೆನೆಸಿ ಬಂತು. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿ, ನಮ್ಮ ಸ್ಟೇಡಿಯಂ ತುಂಬ ಅವರ ಕಿತ್ತಳೆ ಬಣ್ಣದ ಅಂಗಿ. ಬೇಸರದಲ್ಲಿ ನಮ್ಮವರೇ ಎಷ್ಟೋ ಜನ ಟಿಕೆಟ್ ಮಾರಿಕೊಂಡಿದ್ದರು. ಮೊದಲ ಕ್ವಾರ್ಟರ್ ಮುಗಿಯೋದರೊಳಗೆ 21-0. ಕೊನೆಗೆ 42-17. ಹೊಸ ವರ್ಷದ ದಿನ ಅದೇ ಆರೆಗಾನ್ ಎದುರು ಒಂದು ಹಂತದಲ್ಲಿ 34-0! ಅಕ್ಟೋಬರ್‌ನಲ್ಲಿ ಒಂದು ಅಂಕದಿಂದ ಸೋಲಿಸಿದವರನ್ನು 41-21ಕ್ಕೆ ಕೆಡವಿದರು. ಮಿಶಿಗನ್ ಎದುರು ಇದನ್ನೇ ಯಾಕೆ ಮಾಡಲಿಲ್ಲ ಅನ್ನೋದೇ ನಿಮ್ಮ ಅಳಿಯನ ಸಂಕಟ. ನೋಟರ್ ಡೇಮ್ ಎದುರು ಕೊನೇ ಮೂರು ನಿಮಿಷದೊಳಗೆ ಹೋವರ್ಡ್ ಸ್ಮಿತ್‌ಗೆ 56 ಗಜ ಎಸೆದನಲ್ಲ, ಅದನ್ನು ನೋಡಿ ನೀವು ಚಪ್ಪಾಳೆ ತಟ್ಟಿದಿರಿ. ಇಲ್ಲಿನವರು ಚಪ್ಪಾಳೆ ತಟ್ಟುತ್ತಾ ನವೆಂಬರ್ 30ನ್ನು ನೆನೆಸಿಕೊಂಡು ಹಲ್ಲು ಕಡಿದರು. ಆಮೇಲೆ ಒದ್ದು ಆಟ ಭದ್ರ ಮಾಡಿದ್ದು ಯಾರು? ಅದೇ ಫೀಲ್ಡಿಂಗ್, 33 ಗಜದಿಂದ.

ಅದೇ ಕೋಚ್‌ಗೆ 2025ರ ಫೆಬ್ರವರಿಯಲ್ಲಿ 2031ರ ತನಕ ಹೊಸ ಒಪ್ಪಂದ ಆಯಿತು, ವರ್ಷಕ್ಕೆ 1.25 ಕೋಟಿ ಡಾಲರ್. ತೆಗೀರಿ ಅಂದಿದ್ದವರೇ ಈಗ ಫೋಟೊ ಹಾಕಿಕೊಂಡಿದ್ದಾರೆ. ಮುಂದೆ ಮಿಶಿಗನ್ ಎದುರು ಮತ್ತೆ ಸೋತರೆ ಫೋಟೊ ಇಳಿಯುತ್ತೆ, ಬರೆದಿಟ್ಟುಕೊಳ್ಳಿ.

ದಾವಣಗೆರೆ_ಟು_ಡಲ್ಲಾಸ್:

ಮಂಜು, ಮಧ್ಯದಲ್ಲಿ ನಮ್ಮ ಆಟ ಬಿಟ್ಟುಬಿಟ್ರಲ್ಲ. ಸುಮ್ನೆ ಇರೋಣ ಅಂದುಕೊಂಡಿದ್ದೆ, ಆಗ್ತಾ ಇಲ್ಲ.

ಜನವರಿ 10, ಆರ್ಲಿಂಗ್ಟನ್, ಕಾಟನ್ ಬೌಲ್, ಅಂದರೆ ಸೆಮಿಫೈನಲ್. ಸರ್, ನಮ್ಮ ಮನೆಯಿಂದ ಹತ್ತಿರ, ದುಬಾರಿಯಾದರೂ ಹೋಗಿದ್ದೆ. ಒಹಾಯೊ 21, ಟೆಕ್ಸಸ್ 14. ಕೊನೇ ನಿಮಿಷಗಳು. ಚೆಂಡು ಗೆರೆಯಿಂದ ಒಂದೇ ಗಜ ದೂರ, ನಾಲ್ಕು ಪ್ರಯತ್ನ ಕೈಯಲ್ಲಿದೆ. ಸಮ ಆಯಿತು ಅಂತಲೇ ಎಲ್ಲರೂ ಎದ್ದು ನಿಂತಿದ್ವಿ. ನಮ್ಮವರು ಮೊದಲ ಸಲ ನೇರ ನುಗ್ಗಿದರು, ಏನೂ ಸಿಗಲಿಲ್ಲ. ಎರಡನೇ ಸಲ ಪಕ್ಕಕ್ಕೆ ಎಸೆದು ಓಡಿಸಿದರು, ಏಳು ಗಜ ಹಿಂದಕ್ಕೆ ಹೋಯಿತು. ನಾಲ್ಕನೇ ಪ್ರಯತ್ನದಲ್ಲಿ ಆ ಜ್ಯಾಕ್ ಸಾಯರ್ ಬಂದು ನಮ್ಮ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಕೈಯಿಂದ ಚೆಂಡು ಉದುರಿಸಿ, ತಾನೇ ಎತ್ತಿಕೊಂಡು 83 ಗಜ ಓಡಿದ. ಅಷ್ಟು ದಪ್ಪ ಮನುಷ್ಯ, ಓಡಿದ್ದೇ ಓಡಿದ್ದು. ಹಿಂದೆ ಯಾರೂ ಇಲ್ಲ. 28-14. ಈ ಯೂವರ್ಸ್ 2021ರಲ್ಲಿ ಒಹಾಯೊ ಸ್ಟೇಟ್‌ನಲ್ಲೇ ಇದ್ದವನು. ಆಗ ಈ ಸಾಯರ್ ಅವನ ರೂಮ್‌ಮೇಟ್!

ಆ ಪುಟ್ಟ ಪ್ಯಾಂಟು ಸಿಗದಿದ್ದರೆ ಸಾಯರ್‌ಗೇನು ನಷ್ಟ ಸ್ವಾಮಿ. ನಮ್ಮದನ್ನೇ ಕಿತ್ತುಕೊಂಡು ಹೋದ.

ಆನ್_ಆರ್ಬರ್_ಸುಮಾ:

ಮಿಶಿಗನ್ ಕಡೆಯವರ ಮಾತೂ ಒಂದು ಇರಲಿ ಅಂತ ಬಂದೆ. ರಾಯರೇ ನಮಸ್ಕಾರ, ನಾನು ಧಾರವಾಡದವಳು, ಮಿಶಿಗನ್ ಯೂನಿವರ್ಸಿಟಿಯಲ್ಲಿ ಓದಿ ಇಲ್ಲೇ ಕೆಲಸದಲ್ಲಿದ್ದೇನೆ.

ಈ ಜಗಳ ಫುಟ್‌ಬಾಲಿಗಿಂತ ಹಳೆಯದು. 1835ರಲ್ಲಿ ಟೊಲೀಡೊ ಊರಿಗಾಗಿ ಒಹಾಯೊ ಮತ್ತು ಮಿಶಿಗನ್ ಎರಡೂ ಕಡೆಯವರು ಬಂದೂಕು ಹಿಡಿದುಕೊಂಡು ಗಡಿಗೆ ಹೋಗಿದ್ದರು. ಒಬ್ಬರೂ ಸಾಯಲಿಲ್ಲ. ಕೊನೆಗೆ ವಾಷಿಂಗ್ಟನ್‌ನವರು ಟೊಲೀಡೊವನ್ನು ಒಹಾಯೊಗೆ ಕೊಟ್ಟು, ಮಿಶಿಗನ್‌ಗೆ ಮೇಲಿನ ಕಾಡು ಭೂಮಿ ಕೊಟ್ಟು ಸಮಾಧಾನ ಮಾಡಿದರು. ಆಮೇಲೆ ಆ ಕಾಡಲ್ಲಿ ತಾಮ್ರ, ಕಬ್ಬಿಣ ಸಿಕ್ಕಿತು. ಟೊಲೀಡೊ ನೀವೇ ಇಟ್ಕೊಳ್ರಿ ಮಂಜು, ನಮ್ಮದೇನೂ ತಕರಾರಿಲ್ಲ.

ಆಟ ಶುರುವಾಗಿದ್ದು 1897ರಲ್ಲಿ. 2006ರಲ್ಲಿ ನಂಬರ್ ಒಂದು ಮತ್ತು ಎರಡನೇ ತಂಡವಾಗಿ ಆಡಿದಾಗ ನಾವೇ 42-39ಕ್ಕೆ ಸೋತಿದ್ದೆವು. ನಮ್ಮ ಹಳೇ ಕೋಚ್ ಬೋ ಶೆಂಬೆಕ್ಲರ್ ತೀರಿಕೊಂಡಿದ್ದು ಅದರ ಹಿಂದಿನ ದಿನ. ವುಡಿ ಹೇಯ್ಸ್ ಕೈಕೆಳಗೆ ಪಳಗಿದ ಶಿಷ್ಯ ಅವರು, ಇಲ್ಲಿಗೆ ಬಂದು ಗುರುವಿನ ಎದುರೇ ನಿಂತವರು. ಈ ಆಟಕ್ಕೆ ಇಂಥ ನಂಟುಗಳು ಬಹಳ.

ನನಗೆ ಬೇಜಾರಾಗೋದು ಬೇರೆ ವಿಷಯಕ್ಕೆ. ಮೊದಲೆಲ್ಲ ಈ ಒಂದು ಆಟ ಸೋತರೆ ಆ ವರ್ಷದ ಕನಸು ಅಲ್ಲಿಗೇ ಮುಗೀತಿತ್ತು. ಅದಕ್ಕೇ ಅದಕ್ಕೆ ಅಷ್ಟು ತೂಕ. ಈಗ ಹನ್ನೆರಡು ತಂಡ ಅಂತ ಮಾಡಿ, ಸೋತವರಿಗೂ ಇನ್ನೊಂದು ಬಾಗಿಲು ತೆಗೆದಿಟ್ಟಿದ್ದಾರೆ. ದುಡ್ಡು ಬರುತ್ತೆ, ಆಟ ಜಾಸ್ತಿ ಆಗುತ್ತೆ, ಸರಿ. ಇನ್ನು ಹತ್ತು ವರ್ಷ ಆದ ಮೇಲೆ ನವೆಂಬರ್ ಕೊನೆಯ ಸೋಲಿಗೆ ಯಾರಾದರೂ ಊಟ ಬಿಡ್ತಾರಾ? ನನಗೆ ಅನುಮಾನ. ರಾಯರ ಅಳಿಯ ಊಟ ಬಿಟ್ಟರು ಅಂತ ಓದಿ ನಿಜಕ್ಕೂ ಖುಷಿಯಾಯಿತು. ತಪ್ಪು ತಿಳೀಬೇಡಿ.

2024 ನಮಗೆ 8 ಗೆಲುವು 5 ಸೋಲಿನ ಸಾಧಾರಣ ವರ್ಷ. ಅದರ ಹಿಂದಿನ ವರ್ಷ 15ಕ್ಕೆ 15 ಗೆದ್ದು ಚಾಂಪಿಯನ್ ಆಗಿದ್ದೆವು. ಒಂದೂ ಸೋಲದೆ, ಮಂಜು. ಒಂದೂ.

ಮಂಜು_ಕೊಲಂಬಸ್:

ಸುಮಾ ಅವರೇ, ಮಿಶಿಗನ್‌ನವರು ಎದುರಾಳಿಗಳ ಸನ್ನೆ ಕದ್ದರು ಅನ್ನೋ ಆರೋಪದ ಮೇಲೆ ತನಿಖೆ ನಡೆದದ್ದನ್ನು ನಾನು ಇಲ್ಲಿ ಎತ್ತೋದಿಲ್ಲ. ಹಿರಿಯರಿದ್ದಾರೆ.

ಆದರೆ ತೂಕದ ಮಾತು ಒಪ್ಪಲ್ಲ. ಹಳೇ ಪದ್ಧತಿಯೇ ಇದ್ದಿದ್ದರೆ ನವೆಂಬರ್ 30ಕ್ಕೆ ಈ ಹುಡುಗರ ಕತೆ ಮುಗೀತಿತ್ತು. 83 ಗಜದ ಓಟ ಇರ್ತಿರಲಿಲ್ಲ, 56 ಗಜದ ಎಸೆತ ಇರ್ತಿರಲಿಲ್ಲ. ಇಂಥ ತಂಡ ಮನೇಲಿ ಕೂತಿದ್ದರೆ ನ್ಯಾಯವೇ? ಮಿಶಿಗನ್ ದ್ವೇಷಕ್ಕೆ ಏನೂ ಆಗಲ್ಲ. ನಮ್ಮ ಲ್ಯಾಬಿನ ಬಾಗಿಲಿಗೆ ಬನ್ನಿ, ತೋರಿಸ್ತೀನಿ.

ಸರಸ್ವತಿಪುರಂ_ರಾಯರು:

ಎಲ್ಲರಿಗೂ ಧನ್ಯವಾದ. ಈಗ ಸ್ವಲ್ಪ ತಿಳಿಯಿತು. ಪ್ಯಾಂಟಿನ ವಿಷಯ ನಮ್ಮ ಮನೆಯವರಿಗೆ ಓದಿ ಹೇಳಿದೆ, ಅವರು ನಗುತ್ತಾ ಕೂತಿದ್ದಾರೆ. ಅಳಿಯಂದಿರಿಗೆ ಈ ಚರ್ಚೆ ತೋರಿಸಿದೆ. ಸುಮಾ ಅವರು ಬರೆದದ್ದನ್ನು ಓದಿ "ಇವರಿಗೆ ಯಾಕೆ ಉತ್ತರ ಕೊಟ್ರಿ" ಅಂದರು. ಮಂಜು ಅವರದ್ದನ್ನು ಎರಡು ಸಲ ಓದಿದರು. ಆ ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ ಅಂದರು.

ಇನ್ನೊಂದು ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಹೊರಡುವ ಮುಂಚೆ ಒಂದು ಆಟ ನೋಡಲು ಆಗುತ್ತದೆಯೇ?

ಮಂಜು_ಕೊಲಂಬಸ್:

ಆಗುತ್ತೆ ಸರ್. ನಿಜವಾದ ಸೀಸನ್ ಶುರುವಾಗೋದು ಆಗಸ್ಟ್ ಕೊನೆಗೆ, ಅದು ನಿಮಗೆ ಸಿಗಲ್ಲ. ಆದರೆ ಏಪ್ರಿಲ್‌ನಲ್ಲಿ ಸ್ಪ್ರಿಂಗ್ ಗೇಮ್ ಇದೆ. ನಮ್ಮವರೇ ನಮ್ಮವರ ಎದುರು ಆಡೋದು, ಹಾಗಾಗಿ ಅಳಿಯಂದಿರು ಊಟ ಬಿಡೋ ಭಯ ಇಲ್ಲ. ಟಿಕೆಟ್ ದೊಡ್ಡ ಆಟಗಳಷ್ಟು ದುಬಾರಿ ಅಲ್ಲ. ಸ್ಮಿತ್ ಆಡ್ತಾನೆ ಅಂತ ಮಾತ್ರ ನಂಬಿಕೊಂಡು ಬರಬೇಡಿ, ಗಾಯ ಆಗುತ್ತೆ ಅಂತ ಇಂಥ ಆಟದಲ್ಲಿ ದೊಡ್ಡವರನ್ನು ಜಾಸ್ತಿ ಹೊತ್ತು ಇಳಿಸಲ್ಲ.

ಕೂರೋದು ಉದ್ದದ ಬೆಂಚಿನ ಮೇಲೆ, ಒರಗೋಕೆ ಇರಲ್ಲ. ಅಮ್ಮನವರಿಗೆ ಬೆನ್ನು ನೋವಿದ್ದರೆ ಮೊದಲೇ ಯೋಚನೆ ಮಾಡಿ. ಏಪ್ರಿಲ್ ಅಂತ ಸ್ವೆಟರ್ ಬಿಟ್ಟು ಬರಬೇಡಿ. ಒಳಗೆ ಬಿಡೋದು ಪಾರದರ್ಶಕ ಚೀಲ ಮಾತ್ರ, ಹೊರಗಿನ ತಿಂಡಿ ನಡೆಯಲ್ಲ. ಚಕ್ಕುಲಿ, ಕೋಡುಬಳೆ ಡಬ್ಬಿ ಕಾರಿನಲ್ಲೇ ಇರಲಿ. ಕಾರು ಎಲ್ಲಿ ನಿಲ್ಲಿಸ್ತೀರಿ ಹೇಳಿ, ನಾನು ಅಲ್ಲಿಗೇ ಬರ್ತೀನಿ.